ಆವೃತ್ತಿ ನಿಯಂತ್ರಣ ಭಂಡಾರಗಳಲ್ಲಿ ಹಂಚಿಕೆಯ ಸಂಗ್ರಹದ ಸಮಗ್ರತೆ ಪರಿಶೀಲನೆ

ಆವೃತ್ತಿ ನಿಯಂತ್ರಣ ಭಂಡಾರಗಳಲ್ಲಿ ಹಂಚಿಕೆಯ ಸಂಗ್ರಹದ ಸಮಗ್ರತೆ ಪರಿಶೀಲನೆ ಎಂಬುದು ಒಂದಕ್ಕಿಂತ ಹೆಚ್ಚು ಭಂಡಾರಗಳು ಒಂದೇ ದತ್ತಾಂಶ ಸಂಗ್ರಹವನ್ನು ಅವಲಂಬಿಸಿರುವಾಗ ನಡೆಸುವ ಪರೀಕ್ಷಾಕ್ರಮ. ಸಂಗ್ರಹದಲ್ಲಿರುವ ಪ್ರತಿಯೊಂದು ದಾಖಲೆಯೂ ಬರೆದಿಟ್ಟಂತೆಯೇ ಉಳಿದಿದೆಯೇ, ಹಾಗೂ ಅದನ್ನು ಅವಲಂಬಿಸಿರುವ ಪ್ರತಿಯೊಂದು ಭಂಡಾರಕ್ಕೂ ಬೇಕಾದ ದಾಖಲೆಗಳೆಲ್ಲವೂ ದೊರೆಯುತ್ತವೆಯೇ ಎಂಬ ಎರಡು ಪ್ರಶ್ನೆಗಳಿಗೆ ಈ ಪರೀಕ್ಷೆ ಉತ್ತರ ಹುಡುಕುತ್ತದೆ. ಮೊದಲನೆಯ ಪ್ರಶ್ನೆಗೆ ಸಂಗ್ರಹವನ್ನು ಮಾತ್ರ ನೋಡಿ ಉತ್ತರಿಸಬಹುದು. ಎರಡನೆಯದಕ್ಕೆ ಅವಲಂಬಿತ ಭಂಡಾರಗಳ ಕಡೆಯಿಂದಲೇ ನೋಡಬೇಕಾಗುತ್ತದೆ. ಈ ಲೇಖನವು ಮುಖ್ಯವಾಗಿ ಗಿಟ್ ವ್ಯವಸ್ಥೆಯನ್ನು ಆಧರಿಸಿ ವಿಷಯವನ್ನು ವಿವರಿಸುತ್ತದೆ. ಸಬ್‌ವರ್ಷನ್ ಮತ್ತು ಮರ್ಕ್ಯುರಿಯಲ್ ವ್ಯವಸ್ಥೆಗಳ ಕ್ರಮವನ್ನೂ ಸಂಕ್ಷಿಪ್ತವಾಗಿ ನೀಡಲಾಗಿದೆ.

ಹಿನ್ನೆಲೆ

ತಂತ್ರಾಂಶವನ್ನು ಬರೆಯುವವರು ಕಡತಗಳಲ್ಲಿ ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಮಾಡಿದರು ಎಂಬ ವಿವರದೊಂದಿಗೆ ಕಾಪಾಡುವ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣ ವ್ಯವಸ್ಥೆ ಎಂದು ಹೆಸರು. ಈ ಇತಿಹಾಸವೆಲ್ಲ ಕೂಡಿಟ್ಟಿರುವ ಸ್ಥಳವೇ ಭಂಡಾರ ಅಥವಾ ರೆಪಾಸಿಟರಿ. ಲಿನಕ್ಸ್ ಕರ್ನಲ್‌ನ ಕರ್ತೃ ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ವ್ಯವಸ್ಥೆಯನ್ನು ಆರಂಭಿಸಿದರು. ಕರ್ನಲ್ ಅಭಿವೃದ್ಧಿಗೆ ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ವ್ಯವಸ್ಥೆಯ ಉಚಿತ ಬಳಕೆಗೆ ಅವಕಾಶ ನಿಂತುಹೋದದ್ದು ಇದಕ್ಕೆ ಕಾರಣ. ಅದೇ ವರ್ಷದ ಜುಲೈನಿಂದ ಜುನಿಯೊ ಹಮಾನೊ ಅವರು ಇದರ ನಿರ್ವಹಣೆಯನ್ನು ನೋಡಿಕೊಳ್ಳುತ್ತಿದ್ದಾರೆ. ದಾಖಲೆ ಕೆಟ್ಟರೆ ಅದು ಗೊತ್ತಾಗಲೇಬೇಕು ಎಂಬುದು ಗಿಟ್‌ನ ಮೂಲ ಉದ್ದೇಶಗಳಲ್ಲಿ ಒಂದು. ಆದ್ದರಿಂದಲೇ ಸಮಗ್ರತೆ ಪರಿಶೀಲಿಸುವ ಆದೇಶವು ಗಿಟ್‌ನ ತೀರ ಆರಂಭದ ದಿನಗಳಿಂದಲೂ ಅದರೊಡನೆ ಇದೆ.

ಗಿಟ್‌ನಂತಹ ವಿಕೇಂದ್ರಿತ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಬಳಕೆದಾರನ ಬಳಿಯೂ ಸಾಮಾನ್ಯವಾಗಿ ಪೂರ್ಣ ಇತಿಹಾಸದ ಪ್ರತಿ ಇರುತ್ತದೆ. ಒಂದು ಪ್ರತಿ ಹಾಳಾದರೂ ಇನ್ನೊಂದು ಉಳಿಯುತ್ತದೆ ಎಂಬುದು ಇದರ ದೊಡ್ಡ ಅನುಕೂಲ. ಆದರೆ ಒಂದೇ ಯಂತ್ರದಲ್ಲಿ ಒಂದೇ ಯೋಜನೆಯ ನೂರಾರು ಪ್ರತಿಗಳಿದ್ದಾಗ ಅಷ್ಟೂ ಪ್ರತಿಗಳಿಗೆ ಪ್ರತ್ಯೇಕ ಸ್ಥಳ ಕೊಡುವುದು ದುಬಾರಿಯಾಗುತ್ತದೆ. ಈ ವೆಚ್ಚವನ್ನು ಉಳಿಸಲು ಬಂದದ್ದೇ ಹಂಚಿಕೆಯ ಸಂಗ್ರಹ. ಸ್ಥಳ ಉಳಿಯುತ್ತದೆಯಾದರೂ ಪ್ರತಿಗಳ ಸ್ವತಂತ್ರ ಅಸ್ತಿತ್ವ ಇಲ್ಲವಾಗುತ್ತದೆ. ಸಮಗ್ರತೆ ಪರಿಶೀಲನೆಯ ಮಹತ್ವ ಹೆಚ್ಚುವುದು ಈ ಕಾರಣದಿಂದ.

ಆಬ್ಜೆಕ್ಟ್‌ಗಳು ಮತ್ತು ಹ್ಯಾಶ್

ಗಿಟ್‌ನ ಸಂಗ್ರಹದಲ್ಲಿರುವ ಪ್ರತಿಯೊಂದು ಘಟಕಕ್ಕೂ ಆಬ್ಜೆಕ್ಟ್ ಎಂದು ಹೆಸರು. ಇದರಲ್ಲಿ ನಾಲ್ಕು ಬಗೆಗಳಿವೆ. ಕಡತದ ಒಳಗಿನ ಪಠ್ಯವನ್ನು ಬ್ಲಾಬ್, ಕಡತಕೋಶದ ಪಟ್ಟಿಯನ್ನು ಟ್ರೀ, ಒಂದು ಹಂತದ ಬದಲಾವಣೆಯ ದಾಖಲೆಯನ್ನು ಕಮಿಟ್, ಗುರುತಿನ ಚೀಟಿಯನ್ನು ಟ್ಯಾಗ್ ಎನ್ನುತ್ತಾರೆ. ಕಮಿಟ್ ತನ್ನ ಹಿಂದಿನ ಕಮಿಟ್ ಹಾಗೂ ಒಂದು ಟ್ರೀಯನ್ನು ಹೆಸರಿಸುತ್ತದೆ. ಟ್ರೀ ತನ್ನ ಒಳಗಿನ ಬ್ಲಾಬ್‌ಗಳನ್ನೂ ಉಪ ಟ್ರೀಗಳನ್ನೂ ಹೆಸರಿಸುತ್ತದೆ. ಹೀಗೆ ಇತಿಹಾಸವೆಲ್ಲವೂ ಒಂದು ಸರಪಳಿಯಂತೆ ಕೂಡಿಕೊಂಡಿರುತ್ತದೆ.

ಆಬ್ಜೆಕ್ಟ್‌ಗಳ ಹೆಸರನ್ನು ಮನುಷ್ಯರು ಇಡುವುದಿಲ್ಲ. ಆಬ್ಜೆಕ್ಟ್‌ನ ಬಗೆ, ಉದ್ದ ಮತ್ತು ಒಳಗಿನ ಪಠ್ಯ ಇವನ್ನು ಒಟ್ಟಾಗಿ ಎಸ್‌ಎಚ್‌ಎ-1 ಎಂಬ ಹ್ಯಾಶ್ ಕ್ರಮಕ್ಕೆ ಒಳಪಡಿಸಿದಾಗ ದೊರೆಯುವ 160 ಬಿಟ್‌ಗಳ ಸಂಖ್ಯೆಯೇ ಅದರ ಹೆಸರು. ಇದನ್ನು 40 ಅಂಕಿ-ಅಕ್ಷರಗಳಲ್ಲಿ ಬರೆಯಲಾಗುತ್ತದೆ. ಪಠ್ಯದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಬೇರೆಯದೇ ಹೆಸರು ಬರುತ್ತದೆ. ಆದ್ದರಿಂದ ಪರಿಶೀಲನೆಗೆ ಬೇರೊಂದು ದಾಖಲೆಯ ಅಗತ್ಯವಿಲ್ಲ. ಆಬ್ಜೆಕ್ಟನ್ನು ಓದಿ, ಮತ್ತೆ ಹ್ಯಾಶ್ ಲೆಕ್ಕ ಹಾಕಿ, ಬಂದ ಉತ್ತರವನ್ನು ಅದರ ಹೆಸರಿನೊಡನೆ ಹೋಲಿಸಿದರೆ ಸಾಕು.

ಡಿಸ್ಕಿನ ಮೇಲೆ ಆಬ್ಜೆಕ್ಟ್‌ಗಳು ಎರಡು ರೂಪಗಳಲ್ಲಿರುತ್ತವೆ. ಒಂದೊಂದೇ ಕಡತವಾಗಿ ಸಂಕುಚಿತಗೊಂಡಿರುವವು ಬಿಡಿ ಆಬ್ಜೆಕ್ಟ್‌ಗಳು. ಅನೇಕ ಆಬ್ಜೆಕ್ಟ್‌ಗಳನ್ನು ಒಟ್ಟುಗೂಡಿಸಿದ ಕಡತಕ್ಕೆ ಪ್ಯಾಕ್ ಎಂದು ಹೆಸರು. ಪ್ಯಾಕ್ ಕಡತದ ಕೊನೆಯಲ್ಲಿ ಇಡೀ ಕಡತದ ಚೆಕ್‌ಸಮ್ ಇರುತ್ತದೆ. ಪ್ಯಾಕ್‌ನಲ್ಲಿ ಒಂದು ಆಬ್ಜೆಕ್ಟನ್ನು ಇನ್ನೊಂದರಿಂದ ಇರುವ ವ್ಯತ್ಯಾಸವಾಗಿ ಮಾತ್ರ ಬರೆದಿಡುವ ಪದ್ಧತಿಯಿರುವುದರಿಂದ, ಒಂದು ಕಡೆ ಆದ ಹಾನಿಯು ಅದನ್ನು ಆಧರಿಸಿದ ಹಲವು ಆಬ್ಜೆಕ್ಟ್‌ಗಳಿಗೆ ತಗಲಬಹುದು.

ಹಂಚಿಕೆಯ ವಿಧಾನಗಳು

ಗಿಟ್‌ನಲ್ಲಿ ಸಂಗ್ರಹವನ್ನು ಹಂಚಿಕೊಳ್ಳುವ ಮೂರು ಮುಖ್ಯ ವಿಧಾನಗಳಿವೆ. ಅವುಗಳ ಅಪಾಯಗಳು ಒಂದೇ ತೆರನಾಗಿಲ್ಲ.

ಹಾರ್ಡ್ ಲಿಂಕ್: ಒಂದೇ ಕಡತ ವ್ಯವಸ್ಥೆಯೊಳಗೆ ಭಂಡಾರವೊಂದರ ಕ್ಲೋನ್ ಮಾಡಿದಾಗ ಗಿಟ್ ಸಾಮಾನ್ಯವಾಗಿ ಆಬ್ಜೆಕ್ಟ್ ಕಡತಗಳನ್ನು ನಕಲು ಮಾಡದೆ ಹಾರ್ಡ್ ಲಿಂಕ್ ನೀಡುತ್ತದೆ. ಅಂದರೆ ಡಿಸ್ಕಿನಲ್ಲಿರುವ ಒಂದೇ ಕಡತಕ್ಕೆ ಎರಡು ಹೆಸರುಗಳಿರುತ್ತವೆ. ಮೂಲ ಭಂಡಾರದವರು ತಮ್ಮ ಹೆಸರನ್ನು ಅಳಿಸಿದರೂ ಕ್ಲೋನ್‌ನಲ್ಲಿ ಕಡತ ಉಳಿಯುತ್ತದೆ. ಆದರೆ ಡಿಸ್ಕಿನ ಆ ಭಾಗವೇ ಕೆಟ್ಟರೆ ಎರಡೂ ಭಂಡಾರಗಳು ಒಟ್ಟಿಗೆ ಕೆಡುತ್ತವೆ.

ಆಲ್ಟರ್ನೇಟ್ಸ್: ಕ್ಲೋನ್ ಮಾಡುವಾಗ ‘ಶೇರ್ಡ್’ ಅಥವಾ ‘ರೆಫರೆನ್ಸ್’ ಎಂಬ ಆಯ್ಕೆಯನ್ನು ಕೊಟ್ಟರೆ, ಹೊಸ ಭಂಡಾರದಲ್ಲಿ ‘ಆಲ್ಟರ್ನೇಟ್ಸ್’ ಎಂಬ ಚಿಕ್ಕ ಪಠ್ಯ ಕಡತವೊಂದು ಹುಟ್ಟುತ್ತದೆ. ತನ್ನಲ್ಲಿಲ್ಲದ ಆಬ್ಜೆಕ್ಟ್‌ಗಳನ್ನು ಎಲ್ಲಿ ಹುಡುಕಬೇಕೆಂಬ ವಿಳಾಸ ಅದರಲ್ಲಿರುತ್ತದೆ. ಹೊಸ ಭಂಡಾರವು ಆ ಆಬ್ಜೆಕ್ಟ್‌ಗಳನ್ನು ಎರವಲು ಪಡೆದಂತೆ. ಈ ಲೇಖನದಲ್ಲಿ ಮೂಲವನ್ನು ಸಾಲಿಗ ಭಂಡಾರವೆಂದೂ ಹೊಸತನ್ನು ಎರವಲು ಭಂಡಾರವೆಂದೂ ಕರೆಯಲಾಗಿದೆ. ಅನೇಕರ ಭಂಡಾರಗಳನ್ನು ಇರಿಸಿಕೊಳ್ಳುವ ಗಿಟ್‌ಹಬ್ ಮತ್ತು ಗಿಟ್‌ಲ್ಯಾಬ್‌ನಂತಹ ತಾಣಗಳು ಒಂದು ಯೋಜನೆ ಮತ್ತು ಅದರ ಫೋರ್ಕ್‌ಗಳ ನಡುವೆ ಸ್ಥಳ ಉಳಿಸಲು ಈ ಸೌಲಭ್ಯವನ್ನೇ ಬಳಸುತ್ತವೆ.

ವರ್ಕ್‌ಟ್ರೀ: 2015ರಲ್ಲಿ ಬಂದ ಗಿಟ್ 2.5ರಿಂದ ಒಂದೇ ಭಂಡಾರಕ್ಕೆ ಹಲವು ಕೆಲಸದ ಕಡತಕೋಶಗಳನ್ನು ಜೋಡಿಸಬಹುದು. ಇಲ್ಲಿ ಭಂಡಾರ ಒಂದೇ ಆಗಿರುವುದರಿಂದ ಯಾವ ಕಡತಕೋಶಕ್ಕೆ ಯಾವ ಕಮಿಟ್ ಬೇಕೆಂಬುದು ಅದಕ್ಕೆ ತಿಳಿದಿರುತ್ತದೆ.

ಆಲ್ಟರ್ನೇಟ್ಸ್ ವಿಧಾನದ ಅಪಾಯ

ಆಲ್ಟರ್ನೇಟ್ಸ್ ವಿಧಾನದಲ್ಲಿ ಸಂಬಂಧವು ಏಕಮುಖವಾದುದು. ಎರವಲು ಭಂಡಾರಕ್ಕೆ ಸಾಲಿಗನ ವಿಳಾಸ ಗೊತ್ತು. ತನ್ನಿಂದ ಯಾರು ಎರವಲು ಪಡೆದಿದ್ದಾರೆಂಬುದು ಸಾಲಿಗನಿಗೆ ಗೊತ್ತಿರುವುದಿಲ್ಲ. ಕೇಂದ್ರ ಗ್ರಂಥಾಲಯದ ಪುಸ್ತಕವೊಂದನ್ನು ಶಾಖಾ ಗ್ರಂಥಾಲಯವು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡು, ‘ಕೇಂದ್ರದಲ್ಲಿದೆ’ ಎಂದು ಬರೆದುಕೊಂಡಿದೆ ಎಂದುಕೊಳ್ಳೋಣ. ಕೇಂದ್ರದವರು ಯಾರೂ ಓದದ ಪುಸ್ತಕವೆಂದು ಅದನ್ನು ವಿಲೇವಾರಿ ಮಾಡಿದರೆ ಕೇಂದ್ರದ ದಾಸ್ತಾನು ಪರಿಶೀಲನೆಯಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಕೊರತೆ ಕಾಣುವುದು ಶಾಖೆಯಲ್ಲಿ ಓದುಗನೊಬ್ಬ ಆ ಪುಸ್ತಕವನ್ನು ಕೇಳಿದ ದಿನ.

ಗಿಟ್‌ನಲ್ಲಿ ಈ ವಿಲೇವಾರಿ ತಾನಾಗಿಯೇ ನಡೆಯುತ್ತದೆ. ಯಾವ ಶಾಖೆಯಿಂದಲೂ ಟ್ಯಾಗ್‌ನಿಂದಲೂ ತಲುಪಲಾಗದ ಆಬ್ಜೆಕ್ಟ್‌ಗಳನ್ನು ‘ಜಿಸಿ’ ಎಂಬ ಶುಚಿಗೊಳಿಸುವ ಆದೇಶವು, ಬೇರೆ ಸೂಚನೆ ಇಲ್ಲದಿದ್ದರೆ ಎರಡು ವಾರಗಳ ಗಡುವಿನ ನಂತರ ತೆಗೆದುಹಾಕುತ್ತದೆ. ಇತರ ಕೆಲವು ಸಾಮಾನ್ಯ ಆದೇಶಗಳೂ ಕೆಲಸದ ಕೊನೆಯಲ್ಲಿ ಇದನ್ನು ಬಳಕೆದಾರನು ಕೇಳದೆಯೇ ನಡೆಸುವುದುಂಟು. ಸಾಲಿಗ ಭಂಡಾರದಲ್ಲಿ ಒಂದು ಶಾಖೆಯನ್ನು ಅಳಿಸಿದರೆ ಅಥವಾ ಇತಿಹಾಸವನ್ನು ತಿದ್ದಿ ಬರೆದರೆ, ಹಳೆಯ ಕಮಿಟ್‌ಗಳು ಅಲ್ಲಿ ಅನಾಥವಾಗಿ ಕೆಲಕಾಲದ ಮೇಲೆ ಮಾಯವಾಗುತ್ತವೆ. ಅವುಗಳ ಮೇಲೆಯೇ ಕೆಲಸ ಮುಂದುವರಿಸಿರುವ ಎರವಲು ಭಂಡಾರವು ಆಗ ಮುರಿಯುತ್ತದೆ. ಇದೇ ಕಾರಣಕ್ಕೆ ಗಿಟ್‌ನ ಅಧಿಕೃತ ಕೈಪಿಡಿಯು ‘ಶೇರ್ಡ್’ ಆಯ್ಕೆಯನ್ನು ಅಪಾಯಕಾರಿಯಾಗಬಹುದಾದದ್ದೆಂದು ಎಚ್ಚರಿಸುತ್ತದೆ.

ಇದರಿಂದ ಹೊರಡುವ ನಿಯಮ ಸರಳವಾದದ್ದು: ಸಾಲಿಗ ಭಂಡಾರವು ಪರಿಶೀಲನೆಯಲ್ಲಿ ನಿರ್ದೋಷಿಯೆಂದು ತೇರ್ಗಡೆಯಾದರೂ ಎರವಲು ಭಂಡಾರಗಳು ಸುಸ್ಥಿತಿಯಲ್ಲಿವೆ ಎಂದು ಹೇಳಲಾಗದು. ಪರಿಶೀಲನೆಯನ್ನು ಪ್ರತಿಯೊಂದು ಎರವಲು ಭಂಡಾರದ ಒಳಗಿನಿಂದಲೂ ನಡೆಸಬೇಕು.

ಪರಿಶೀಲನೆಯ ಆದೇಶ

ಗಿಟ್‌ನಲ್ಲಿ ಇದಕ್ಕಾಗಿ ಇರುವ ಆದೇಶ ‘ಗಿಟ್ ಎಫ್‌ಎಸ್‌ಸಿಕೆ’. ಯುನಿಕ್ಸ್‌ನಲ್ಲಿ ಕಡತ ವ್ಯವಸ್ಥೆಯನ್ನು ಪರೀಕ್ಷಿಸುವ ಹಳೆಯ ಆದೇಶದ ಹೆಸರನ್ನೇ ಇದಕ್ಕೂ ಇಡಲಾಗಿದೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಯುನಿಕ್ಸ್‌ನ ಆದೇಶವು ದೋಷಗಳನ್ನು ಸರಿಪಡಿಸಲೂ ಯತ್ನಿಸುತ್ತದೆ. ಗಿಟ್‌ನ ಆದೇಶವು ದೋಷಗಳನ್ನು ವರದಿ ಮಾಡುತ್ತದೆಯೇ ಹೊರತು ದುರಸ್ತಿ ಮಾಡುವುದಿಲ್ಲ.

ಈ ಆದೇಶವು ಮೂರು ಬಗೆಯ ಪರೀಕ್ಷೆಗಳನ್ನು ನಡೆಸುತ್ತದೆ. ಪ್ರತಿ ಆಬ್ಜೆಕ್ಟ್‌ನ ಹ್ಯಾಶ್ ಅದರ ಹೆಸರಿಗೆ ಸರಿಹೊಂದುತ್ತದೆಯೇ ಎಂಬುದು ಮೊದಲನೆಯದು. ಒಳಗಿನ ರಚನೆಯು ನಿಯಮಬದ್ಧವಾಗಿದೆಯೇ ಎಂಬುದು ಎರಡನೆಯದು. ಪ್ರತಿ ಶಾಖೆಯಿಂದ ಹೊರಟು ಸರಪಳಿಯ ಕೊಂಡಿಗಳನ್ನು ಹಿಡಿದು ಹೋದರೆ ಎಲ್ಲ ಆಬ್ಜೆಕ್ಟ್‌ಗಳೂ ಸಿಗುತ್ತವೆಯೇ ಎಂಬುದು ಮೂರನೆಯದು.

ಹಂಚಿಕೆಯ ಸಂಗ್ರಹದ ಮಟ್ಟಿಗೆ ‘ಫುಲ್’ ಎಂಬ ಆಯ್ಕೆ ಮುಖ್ಯವಾದದ್ದು. ಇದರಿಂದ ಸ್ವಂತ ಸಂಗ್ರಹವಷ್ಟೇ ಅಲ್ಲದೆ ಆಲ್ಟರ್ನೇಟ್ಸ್ ಕಡತದಲ್ಲಿ ಹೆಸರಿಸಿದ ಸಂಗ್ರಹಗಳೂ ಎಲ್ಲ ಪ್ಯಾಕ್‌ಗಳೂ ಪರೀಕ್ಷೆಗೆ ಒಳಪಡುತ್ತವೆ. ಈಗಿನ ಆವೃತ್ತಿಗಳಲ್ಲಿ ಬೇರೆ ಹೇಳದ ಹೊರತು ಇದೇ ಜಾರಿಯಲ್ಲಿರುತ್ತದೆ. ‘ನೋ-ಫುಲ್’ ಎಂದು ಕೊಟ್ಟರೆ ಎರವಲು ಭಾಗದ ಪರೀಕ್ಷೆ ನಡೆಯುವುದಿಲ್ಲ. ‘ಕನೆಕ್ಟಿವಿಟಿ-ಓನ್ಲಿ’ ಎಂಬ ಆಯ್ಕೆಯು ಕೊಂಡಿಗಳನ್ನು ನೋಡುತ್ತದೆಯೇ ಹೊರತು ಬ್ಲಾಬ್‌ಗಳ ಪಠ್ಯವನ್ನು ಓದುವುದಿಲ್ಲ. ಆದ್ದರಿಂದ ಅದು ಬೇಗ ಮುಗಿಯುತ್ತದೆ. ಕಾಣೆಯಾದ ಆಬ್ಜೆಕ್ಟ್‌ಗಳನ್ನು ತೋರಿಸುತ್ತದೆ, ಆದರೆ ಒಳಗೇ ಕೆಟ್ಟ ಬ್ಲಾಬ್‌ಗಳನ್ನು ತೋರಿಸದು.

ವರದಿಯಲ್ಲಿ ಕಾಣುವ ಪದಗಳ ಅರ್ಥವನ್ನು ತಿಳಿದಿರುವುದು ಅವಶ್ಯ. ‘ಡ್ಯಾಂಗ್ಲಿಂಗ್’ ಎಂದರೆ ಯಾವುದೂ ನೇರವಾಗಿ ಹೆಸರಿಸದ ಆಬ್ಜೆಕ್ಟ್ ಎಂದರ್ಥ. ನಿತ್ಯದ ಬಳಕೆಯಲ್ಲಿ ಇಂತಹವು ಹುಟ್ಟುತ್ತಲೇ ಇರುತ್ತವೆ, ಇದು ದೋಷವಲ್ಲ. ‘ಅನ್‌ರೀಚಬಲ್’ ಎಂದರೆ ಯಾವ ಶಾಖೆಯಿಂದಲೂ ತಲುಪಲಾಗದ್ದು. ಇದೂ ತನ್ನಷ್ಟಕ್ಕೆ ದೋಷವಲ್ಲ. ‘ಮಿಸ್ಸಿಂಗ್’ ಎಂದರೆ ಬೇಕಾದ ಆಬ್ಜೆಕ್ಟ್ ಎಲ್ಲಿಯೂ ಇಲ್ಲ ಎಂದರ್ಥ, ಇದು ನಿಜವಾದ ಹಾನಿ. ಹ್ಯಾಶ್ ಹೊಂದುವುದಿಲ್ಲ ಎಂಬ ಸಂದೇಶ ಬಂದರೆ ಆಬ್ಜೆಕ್ಟ್ ಇದ್ದರೂ ಅದರ ಪಠ್ಯ ಕೆಟ್ಟಿದೆ. ಹೊಸಬರು ‘ಡ್ಯಾಂಗ್ಲಿಂಗ್’ ಸಾಲುಗಳನ್ನು ಕಂಡು ಗಾಬರಿಯಾಗಿ ಎಲ್ಲವನ್ನೂ ಅಳಿಸಲು ಹೊರಡುವುದುಂಟು. ಹಂಚಿಕೆಯ ಸಂಗ್ರಹದಲ್ಲಿ ಇದು ವಿಶೇಷವಾಗಿ ಹಾನಿಕರ. ಏಕೆಂದರೆ ಸಾಲಿಗನ ಕಣ್ಣಿಗೆ ಅನಾಥವೆಂದು ಕಾಣುವ ಆಬ್ಜೆಕ್ಟ್ ಎರವಲು ಭಂಡಾರವೊಂದಕ್ಕೆ ಆಧಾರವಾಗಿರಬಹುದು.

ಜಾಲದ ಮೂಲಕ ಬರುವ ದತ್ತಾಂಶ

ಜಾಲದ ಮೂಲಕ ಪ್ಯಾಕ್ ಬಂದಾಗ ಗಿಟ್ ಕಳುಹಿಸಿದವರು ಹೇಳುವ ಹೆಸರುಗಳನ್ನು ನಂಬುವುದಿಲ್ಲ. ಪ್ರತಿ ಆಬ್ಜೆಕ್ಟ್‌ನ ಹ್ಯಾಶನ್ನು ತಾನೇ ಲೆಕ್ಕ ಹಾಕಿ ಸೂಚಿಯನ್ನು ತಯಾರಿಸುತ್ತದೆ. ಆದರೆ ಒಂದೇ ಯಂತ್ರದೊಳಗೆ ಕಡತಗಳನ್ನು ನೇರವಾಗಿ ನಕಲಿಸುವ ಅಥವಾ ಲಿಂಕ್ ಮಾಡುವ ಕ್ಲೋನ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕೆಟ್ಟ ಕಡತ ಕೆಟ್ಟಂತೆಯೇ ನಕಲಾಗುತ್ತದೆ.

ರಚನೆಯ ಪರೀಕ್ಷೆಯನ್ನು ಸ್ವೀಕರಿಸುವಾಗಲೇ ನಡೆಸಬೇಕೆಂದರೆ ‘ಟ್ರಾನ್ಸ್‌ಫರ್ ಎಫ್‌ಎಸ್‌ಸಿಕೆ ಆಬ್ಜೆಕ್ಟ್ಸ್’ ಎಂಬ ಸಂಯೋಜನೆಯನ್ನು ಜಾರಿಗೊಳಿಸಬೇಕು. ಇದು ತಾನಾಗಿ ಜಾರಿಯಲ್ಲಿರುವುದಿಲ್ಲ. 2018ರಲ್ಲಿ ಉಪಭಂಡಾರಗಳ ಹೆಸರಿನ ಮೂಲಕ ದುರುದ್ದೇಶದ ಆದೇಶಗಳನ್ನು ನುಸುಳಿಸಬಹುದಾದ ದೋಷವೊಂದು ಗಿಟ್‌ನಲ್ಲಿ ಪತ್ತೆಯಾದಾಗ, ಅಂತಹ ಹೆಸರುಗಳನ್ನು ಗುರುತಿಸುವ ಪರೀಕ್ಷೆಯನ್ನು ಎಫ್‌ಎಸ್‌ಸಿಕೆಗೆ ಸೇರಿಸಲಾಯಿತು. ಈ ಸಂಯೋಜನೆ ಜಾರಿಯಲ್ಲಿರುವ ಸರ್ವರ್ ಇಂತಹ ಭಂಡಾರವನ್ನು ಒಳಬಿಡದೆ ತನ್ನನ್ನು ಅವಲಂಬಿಸಿದವರನ್ನೂ ಕಾಪಾಡುತ್ತದೆ.

ಇತರ ವ್ಯವಸ್ಥೆಗಳು

ಸಬ್‌ವರ್ಷನ್: ಇದು ಕೇಂದ್ರೀಕೃತ ವ್ಯವಸ್ಥೆ. ಇದರ ಸಮಗ್ರತೆಯನ್ನು ‘ಎಸ್‌ವಿಎನ್ ಅಡ್ಮಿನ್ ವೆರಿಫೈ’ ಎಂಬ ಆದೇಶದಿಂದ ಪರೀಕ್ಷಿಸಲಾಗುತ್ತದೆ. 1.6ನೇ ಆವೃತ್ತಿಯಿಂದ ಒಂದೇ ಪಠ್ಯವಿರುವ ಕಡತಗಳನ್ನು ಒಮ್ಮೆ ಮಾತ್ರ ಇರಿಸುವ ಹಂಚಿಕೆ ಸೌಲಭ್ಯ ಇದರಲ್ಲಿದೆ. ಎರಡು ಕಡತಗಳು ಒಂದೇ ಎಂದು ನಿರ್ಧರಿಸಲು ಇದು ಎಸ್‌ಎಚ್‌ಎ-1 ಹ್ಯಾಶನ್ನು ಬಳಸುತ್ತದೆ.

ಮರ್ಕ್ಯುರಿಯಲ್: ಗಿಟ್ ಹುಟ್ಟಿದ 2005ರಲ್ಲೇ ಇದೂ ಹುಟ್ಟಿತು. ‘ಎಚ್‌ಜಿ ವೆರಿಫೈ’ ಆದೇಶವು ಬದಲಾವಣೆಗಳ ದಾಖಲೆ, ಕಡತಗಳ ಪಟ್ಟಿ ಮತ್ತು ಪ್ರತಿ ಕಡತದ ಇತಿಹಾಸ ಇವನ್ನು ಪ್ರತ್ಯೇಕವಾಗಿಯೂ ಪರಸ್ಪರ ತಾಳೆ ನೋಡಿಯೂ ಪರೀಕ್ಷಿಸುತ್ತದೆ. ‘ಶೇರ್’ ಎಂಬ ವಿಸ್ತರಣೆಯ ಮೂಲಕ ಹಲವು ಕೆಲಸದ ಪ್ರತಿಗಳು ಒಂದೇ ಇತಿಹಾಸವನ್ನು ಬಳಸಬಹುದು. ಒಂದು ಕಡೆ ಇತಿಹಾಸದ ಭಾಗವನ್ನು ತೆಗೆದುಹಾಕಿದರೆ ಉಳಿದ ಪ್ರತಿಗಳು ಇಲ್ಲದ ಕಮಿಟ್‌ನ ಮೇಲೆ ನಿಂತಂತಾಗುವ ಅಪಾಯ ಇಲ್ಲಿಯೂ ಇದೆ.

ಪ್ರಮುಖ ಘಟನೆಗಳು

ಕೆಡಿಇ, 2013: ಕೆಡಿಇ ಮುಕ್ತ ತಂತ್ರಾಂಶ ಸಮುದಾಯದ ಸುಮಾರು 1500 ಗಿಟ್ ಭಂಡಾರಗಳು ಒಂದು ಮುಖ್ಯ ಸರ್ವರ್‌ನಲ್ಲಿದ್ದವು. ಹಲವು ಪ್ರತಿಬಿಂಬ ಸರ್ವರ್‌ಗಳು ಅದನ್ನು ಅನುಸರಿಸುತ್ತಿದ್ದವು. 2013ರ ಮಾರ್ಚ್‌ನಲ್ಲಿ ಮುಖ್ಯ ಸರ್ವರನ್ನು ಭದ್ರತಾ ಪರಿಷ್ಕರಣೆಗಾಗಿ ನಿಲ್ಲಿಸಿ ಮತ್ತೆ ಆರಂಭಿಸಿದಾಗ ಅದರ ಕಡತ ವ್ಯವಸ್ಥೆ ಕೆಟ್ಟಿರುವುದು ತಿಳಿಯಿತು. ಯೋಜನೆಗಳ ಪಟ್ಟಿಯ ಕಡತವೂ ಕೆಟ್ಟಿತ್ತು. ಪ್ರತಿಬಿಂಬ ಸರ್ವರ್‌ಗಳು ಆ ಪಟ್ಟಿಯನ್ನು ನಂಬಿ, ಅದರಲ್ಲಿ ಇಲ್ಲದ ಭಂಡಾರಗಳನ್ನು ತಮ್ಮಲ್ಲಿಯೂ ಅಳಿಸಿದವು. ಅದೃಷ್ಟವಶಾತ್ ಒಂದು ಯಂತ್ರದಲ್ಲಿ ಪೂರ್ಣ ಪ್ರತಿ ಉಳಿದಿದ್ದರಿಂದ ಭಂಡಾರಗಳನ್ನು ಮರಳಿ ಪಡೆಯಲಾಯಿತು. ಮೂಲವನ್ನು ಕುರುಡಾಗಿ ಅನುಸರಿಸುವ ಪ್ರತಿಬಿಂಬವು ಬ್ಯಾಕಪ್ ಅಲ್ಲ ಎಂಬುದಕ್ಕೆ ಈ ಘಟನೆಯನ್ನು ಉದಾಹರಿಸಲಾಗುತ್ತದೆ.

ವೆಬ್‌ಕಿಟ್, 2017: 2017ರ ಫೆಬ್ರುವರಿ 23ರಂದು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಪಠ್ಯ ಬೇರೆಯಾಗಿದ್ದರೂ ಎಸ್‌ಎಚ್‌ಎ-1 ಹ್ಯಾಶ್ ಒಂದೇ ಆಗಿರುವ ಎರಡು ಪಿಡಿಎಫ್ ಕಡತಗಳನ್ನು ಪ್ರಕಟಿಸಿದರು. ‘ಶ್ಯಾಟರ್ಡ್’ ಎಂಬ ಹೆಸರಿನ ಈ ಕಾರ್ಯಕ್ಕೆ ಒಂಬತ್ತು ಕ್ವಿಂಟಿಲಿಯನ್‌ಗೂ, ಅಂದರೆ 9ರ ಮುಂದೆ 18 ಸೊನ್ನೆಗಳಷ್ಟಕ್ಕೂ ಮಿಗಿಲಾದ ಹ್ಯಾಶ್ ಲೆಕ್ಕಗಳು ಬೇಕಾದವು. ಇದಾದ ಕೂಡಲೇ ವೆಬ್‌ಕಿಟ್ ಯೋಜನೆಯ ಸಬ್‌ವರ್ಷನ್ ಭಂಡಾರಕ್ಕೆ ಪರೀಕ್ಷೆಯೊಂದರ ಭಾಗವಾಗಿ ಈ ಎರಡೂ ಕಡತಗಳನ್ನು ಸೇರಿಸಲಾಯಿತು. ಹಂಚಿಕೆ ಸೌಲಭ್ಯವು ಅವೆರಡನ್ನೂ ಒಂದೇ ಎಂದು ಭಾವಿಸಿತು. ಮರಳಿ ಓದುವಾಗ ಎಂಡಿ5 ಎಂಬ ಮತ್ತೊಂದು ಚೆಕ್‌ಸಮ್ ಹೊಂದದೆ ಭಂಡಾರದ ಬಳಕೆಯೇ ಸ್ಥಗಿತವಾಯಿತು. ಅದೇ ವರ್ಷ ಸಬ್‌ವರ್ಷನ್‌ನ ಪರಿಷ್ಕೃತ ಆವೃತ್ತಿಗಳು ಇಂತಹ ಕಡತಗಳನ್ನು ತಡೆಯತೊಡಗಿದವು.

ಗಿಟ್ ಹ್ಯಾಶ್ ಲೆಕ್ಕಕ್ಕೆ ಬಗೆ ಮತ್ತು ಉದ್ದವನ್ನು ಮೊದಲಿಗೆ ಸೇರಿಸುವುದರಿಂದ ಈ ಎರಡು ಪಿಡಿಎಫ್ ಕಡತಗಳು ಅದರಲ್ಲಿ ಬೇರೆಬೇರೆ ಹೆಸರನ್ನೇ ಪಡೆದವು. ಆದರೂ 2017ರ ಗಿಟ್ 2.13ರಿಂದ ಇಂತಹ ದಾಳಿಯ ಲಕ್ಷಣವನ್ನು ಗುರುತಿಸುವ ಎಸ್‌ಎಚ್‌ಎ-1 ರೂಪವನ್ನು ಬಳಸಲಾಗುತ್ತಿದೆ. 2020ರ ಗಿಟ್ 2.29ರಲ್ಲಿ ಹೆಚ್ಚು ಬಲವಾದ ಎಸ್‌ಎಚ್‌ಎ-256 ಹ್ಯಾಶನ್ನು ಪ್ರಾಯೋಗಿಕವಾಗಿ ಬಳಸುವ ಅವಕಾಶ ಬಂದಿತು.

ದುರಸ್ತಿ

ಕೆಟ್ಟ ಆಬ್ಜೆಕ್ಟನ್ನು ಹ್ಯಾಶ್‌ನಿಂದ ಮತ್ತೆ ಸೃಷ್ಟಿಸಲು ಸಾಧ್ಯವಿಲ್ಲ. ಅದರ ಒಳ್ಳೆಯ ಪ್ರತಿ ಬೇರೆಲ್ಲಾದರೂ ಇರಬೇಕು. ಆದರೆ ಹೆಸರು ಪಠ್ಯದಿಂದಲೇ ಹುಟ್ಟುವುದರಿಂದ, ಯಾವ ಕ್ಲೋನ್‌ನಿಂದ ತಂದರೂ ಆ ಹೆಸರಿನ ಆಬ್ಜೆಕ್ಟ್ ಅದೇ ಆಗಿರುತ್ತದೆ. ತಂದದ್ದು ಸರಿಯೇ ಎಂಬುದನ್ನು ಹ್ಯಾಶ್‌ನಿಂದ ಖಚಿತಪಡಿಸಿಕೊಳ್ಳಬಹುದು. ದುರಸ್ತಿಯ ಸಾಮಾನ್ಯ ಕ್ರಮ ಹೀಗಿದೆ.

1. ಮೊದಲು ಭಂಡಾರವನ್ನು ಇದ್ದ ಸ್ಥಿತಿಯಲ್ಲೇ ಬೇರೆ ಡಿಸ್ಕಿಗೆ ನಕಲಿಸಿ, ಶುಚಿಗೊಳಿಸುವ ಆದೇಶಗಳನ್ನು ನಿಲ್ಲಿಸಬೇಕು.
2. ಆಲ್ಟರ್ನೇಟ್ಸ್ ಕಡತದಲ್ಲಿರುವ ವಿಳಾಸ ಸರಿಯಾಗಿದೆಯೇ ನೋಡಬೇಕು. ಸಾಲಿಗ ಭಂಡಾರವನ್ನು ಬೇರೆ ಜಾಗಕ್ಕೆ ಸಾಗಿಸಿದ್ದರೆ ವಿಳಾಸವನ್ನು ತಿದ್ದಿದರೆ ಸಾಕಾಗುತ್ತದೆ.
3. ಆಬ್ಜೆಕ್ಟ್ ನಿಜವಾಗಿ ಇಲ್ಲವಾಗಿದ್ದರೆ ಅದಿರುವ ಬೇರೊಂದು ಕ್ಲೋನ್‌ನಿಂದ ತರಬೇಕು. ಮೂಲ ಕಡತವೇ ಯಾರ ಬಳಿಯಾದರೂ ಇದ್ದರೆ ‘ಹ್ಯಾಶ್-ಆಬ್ಜೆಕ್ಟ್’ ಆದೇಶದಿಂದ ಅದನ್ನು ಮತ್ತೆ ಸಂಗ್ರಹಕ್ಕೆ ಸೇರಿಸಬಹುದು.
4. ಪ್ಯಾಕ್ ಕೆಟ್ಟಿದ್ದರೆ ಅದನ್ನು ಭಂಡಾರದ ಹೊರಗೆ ಸರಿಸಿ, ‘ಅನ್‌ಪ್ಯಾಕ್-ಆಬ್ಜೆಕ್ಟ್ಸ್’ ಆದೇಶವನ್ನು ದೋಷ ಕಂಡರೂ ಮುಂದುವರಿಯುವ ಆಯ್ಕೆಯೊಂದಿಗೆ ನಡೆಸಿ, ಉಳಿದಷ್ಟನ್ನು ಹೊರತೆಗೆಯಬಹುದು.
5. ಕೊನೆಗೆ ಪೂರ್ಣ ಪರಿಶೀಲನೆಯನ್ನು ಮತ್ತೆ ನಡೆಸಬೇಕು.

ಮುನ್ನೆಚ್ಚರಿಕೆಗಳು

ಎರವಲು ಸಂಬಂಧವನ್ನು ಕಡಿದುಕೊಳ್ಳಬೇಕಾದರೆ ಎರವಲು ಭಂಡಾರದಲ್ಲಿ ‘ರಿಪ್ಯಾಕ್’ ಆದೇಶವನ್ನು ಎಲ್ಲ ಆಬ್ಜೆಕ್ಟ್‌ಗಳೂ ಸೇರುವಂತೆ ನಡೆಸಿ, ಅವು ಸ್ವಂತ ಸಂಗ್ರಹಕ್ಕೆ ಬಂದಿವೆಯೆಂದು ಖಚಿತಪಡಿಸಿಕೊಂಡ ಮೇಲೆ ಆಲ್ಟರ್ನೇಟ್ಸ್ ಕಡತವನ್ನು ತೆಗೆಯಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಭಂಡಾರ ಮುರಿಯುತ್ತದೆ. ಕ್ಲೋನ್ ಮಾಡುವಾಗಲೇ ‘ಡಿಸೋಸಿಯೇಟ್’ ಆಯ್ಕೆ ಕೊಟ್ಟರೆ ಗಿಟ್ ಈ ಕೆಲಸವನ್ನು ತಾನೇ ಮಾಡುತ್ತದೆ. ಸಾಲಿಗ ಭಂಡಾರದಲ್ಲಿ ‘ಪ್ರೆಷಿಯಸ್ ಆಬ್ಜೆಕ್ಟ್ಸ್’ ಎಂಬ ಗುರುತನ್ನು ಹಾಕಿದರೆ ಗಿಟ್ ಅಲ್ಲಿನ ಆಬ್ಜೆಕ್ಟ್‌ಗಳನ್ನು ಅಳಿಸಲು ನಿರಾಕರಿಸುತ್ತದೆ. ಬ್ಯಾಕಪ್ ತೆಗೆದುಕೊಳ್ಳುವಾಗ ಎರವಲು ಭಂಡಾರವನ್ನು ಮಾತ್ರ ನಕಲಿಸಿದರೆ ಇತಿಹಾಸದ ಬಹುಭಾಗ ಹೊರಗೇ ಉಳಿಯುತ್ತದೆ. ಆದ್ದರಿಂದ ಸಾಲಿಗ ಭಂಡಾರವನ್ನೂ ಸೇರಿಸಿಕೊಂಡು, ಮರಳಿ ಸ್ಥಾಪಿಸಿದ ಪ್ರತಿಯ ಮೇಲೆ ಪರಿಶೀಲನೆ ನಡೆಸಬೇಕು.

ಮಿತಿಗಳು

ಸಮಗ್ರತೆ ಪರಿಶೀಲನೆಯು ದಾಖಲೆ ಬದಲಾಗಿಲ್ಲ ಎಂಬುದನ್ನು ಹೇಳುತ್ತದೆ. ಅದನ್ನು ಬರೆದವರು ಯಾರು, ಬರೆದದ್ದು ಸರಿಯೇ ಎಂಬುದನ್ನು ಹೇಳುವುದಿಲ್ಲ. ಫೋರ್ಕ್‌ಗಳ ನಡುವೆ ಸಂಗ್ರಹ ಹಂಚಿಕೆಯಾಗಿರುವ ತಾಣದಲ್ಲಿ ಯಾರೋ ತಮ್ಮ ಫೋರ್ಕ್‌ಗೆ ಸೇರಿಸಿದ ಕಮಿಟ್ ಮೂಲ ಯೋಜನೆಯ ವಿಳಾಸದಲ್ಲಿಯೂ ಕಾಣಿಸಬಹುದು. 2020ರಲ್ಲಿ ಯೂಟ್ಯೂಬ್-ಡಿಎಲ್ ತಂತ್ರಾಂಶವನ್ನು ಹಕ್ಕುಸ್ವಾಮ್ಯದ ದೂರಿನ ಮೇಲೆ ಗಿಟ್‌ಹಬ್‌ನಿಂದ ತೆಗೆದಾಗ, ಅಂತಹ ದೂರುಗಳನ್ನು ಪ್ರಕಟಿಸುವ ಗಿಟ್‌ಹಬ್‌ನದೇ ಭಂಡಾರದ ವಿಳಾಸದಲ್ಲಿ ಆ ತಂತ್ರಾಂಶ ಕಾಣುವಂತೆ ಬಳಕೆದಾರರು ಮಾಡಿದ್ದು ಇದೇ ಮಾರ್ಗದಿಂದ. ಅಲ್ಲಿ ಯಾವ ಹ್ಯಾಶೂ ತಪ್ಪಿರಲಿಲ್ಲ. ಕರ್ತೃತ್ವವನ್ನು ಖಚಿತಪಡಿಸಲು ಕಮಿಟ್ ಮತ್ತು ಟ್ಯಾಗ್‌ಗಳಿಗೆ ಡಿಜಿಟಲ್ ಸಹಿ ಹಾಕುವ ಪ್ರತ್ಯೇಕ ವಿಧಾನವಿದೆ.

ಇತಿಹಾಸದ ಭಾಗವನ್ನಷ್ಟೇ ತರುವ ಕ್ಲೋನ್‌ಗಳಲ್ಲಿ ಕೆಲವು ಆಬ್ಜೆಕ್ಟ್‌ಗಳು ಇಲ್ಲದಿರುವುದು ಉದ್ದೇಶಪೂರ್ವಕ. ಪರಿಶೀಲನೆಯು ಅದನ್ನು ದೋಷವೆಂದು ಎಣಿಸುವುದಿಲ್ಲ. ಹಾಗಾಗಿ ಇಂತಹ ಕ್ಲೋನ್ ತೇರ್ಗಡೆಯಾದರೂ ಅದರಿಂದ ಪೂರ್ಣ ಇತಿಹಾಸವನ್ನು ಮರಳಿ ಕಟ್ಟಲಾಗದು. ಪರಿಶೀಲನೆಯು ಹಾನಿಯನ್ನು ತಿಳಿಸಬಲ್ಲುದೇ ಹೊರತು ತುಂಬಿಕೊಡಲಾರದು. ಆ ಕೆಲಸಕ್ಕೆ ಬೇರೆ ಯಂತ್ರದಲ್ಲಿ, ಬೇರೆ ಸಂಗ್ರಹದಲ್ಲಿ ಇರುವ ಸ್ವತಂತ್ರ ಪೂರ್ಣ ಪ್ರತಿಯೊಂದು ಬೇಕೇ ಬೇಕು.